ಅವ್ವನ ಡ್ರಮ್ಮು, ನನ್ನ ನೀಲಗಿರಿ ಎಣ್ಣೆ

ಕಳೆದ ವರ್ಷ ಆಷಾಢದ ಒಂದು ರಾತ್ರಿ ನನ್ನ ತಂಗಿ ಹಾಸಿಗೆಯಿಂದ ಎದ್ದು ಬಂದು, ‘ಅಣ್ಣಾ, ತಲೆ ಸಿಡೀತಾ ಅದೆ’ ಎಂದಳು. ದ್ವಿತೀಯ ಪಿಯುಸಿ ಓದುವ ಹುಡುಗಿ, ತಡವಾಗಿ ಮಲಗಿದ್ದಾಳೆ, ಅದಕ್ಕೇ ಇರಬೇಕು ಎಂದುಕೊಂಡು ಮಗ್ಗುಲು ಬದಲಿಸಿದೆ. ಹತ್ತು ನಿಮಿಷಕ್ಕೆ ವಾಂತಿ ಶುರುವಾಯಿತು. ಎದೆ ಬಿಗಿಯುತ್ತಿದೆ ಎಂದು ಅಳತೊಡಗಿದಳು. ಅವಳು ಮಲಗಿದ್ದ ಕೋಣೆಗೆ ಹೋಗಿ ದೀಪ ಹಾಕಿದೆ. ಬೆಳ್ಳುಳ್ಳಿ ಕೊಳೆತಂಥ ವಾಸನೆ ಮೂಗಿಗೆ ಹೊಡೆಯಿತು.

ಪಕ್ಕದ ಮನೆಯವರ ಆಟೊದಲ್ಲಿ ತಿ. ನರಸೀಪುರಕ್ಕೆ ಹೊರಟೆವು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಊಟ ಏನು ಮಾಡಿದಳು ಎಂದು ಕೇಳಿದರು. ಆಮೇಲೆ ಒಂದು ಕ್ಷಣ ಯೋಚಿಸಿ, ‘ಮನೇಲಿ ಕಾಳಿಗೆ ಮಾತ್ರೆ ಇಟ್ಟಿದ್ದೀರಾ?’ ಎಂದರು. ಅಪ್ಪ ಗೋಡೆ ನೋಡುತ್ತಾ ನಿಂತುಬಿಟ್ಟರು. ಆ ಸಂಜೆ ಅವರೇ ಅಂಗಡಿಯೊಂದರಿಂದ ಮಾತ್ರೆ ತಂದು, ಬಟ್ಟೆಯಲ್ಲಿ ಸುತ್ತಿ, ಅಕ್ಕಿ ಮೂಟೆ ಮತ್ತು ಅಲಸಂದೆ ಮೂಟೆಗಳ ನಡುವೆ ಇಟ್ಟಿದ್ದರು. ಮೂಟೆಗಳಿದ್ದದ್ದು ಅದೇ ಕೋಣೆಯಲ್ಲಿ. ಮಳೆ ಎಂದು ಕಿಟಕಿಯೂ ಮುಚ್ಚಿತ್ತು.

ತಂಗಿ ಎಚ್ಚರವಾಗಿ ಎದ್ದು ಬಂದಳು. ಬಾರದೆ ಹಾಗೇ ನಿದ್ದೆಹೋಗಿದ್ದರೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಇವತ್ತಿಗೂ ಬಾಯಿಬಿಟ್ಟು ಆಡುವುದಿಲ್ಲ. ಮೂರನೇ ದಿನ ಮನೆಗೆ ಕರೆತಂದೆವು.

ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ ಮೂರನ್ನೂ ಮೂರು ವರ್ಷ ಓದಿದವನು. ಕೈಯಲ್ಲಿ ಮಾರ್ಕ್ಸ್ ಕಾರ್ಡು, ಮೊಬೈಲ್‌ನಲ್ಲಿ ಹತ್ತಾರು ಅಧಿಸೂಚನೆಗಳು, ತಲೆಯಲ್ಲಿ ಎಫ್‌ಡಿಎ, ಎಸ್‌ಡಿಎ. ನಮ್ಮ ಮನೆಯ ಮೂಟೆಯಲ್ಲಿ ಏನಿದೆ, ಆ ಮಾತ್ರೆ ಏನು ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ನಾಚಿಕೆಯಿಂದಲೇ ಈ ಕಥೆ ಶುರುವಾಯಿತು.

ಮಾತ್ರೆಯೊಳಗೆ ಏನಿದೆ?

ಊರಲ್ಲಿ ‘ಕಾಳಿನ ಮಾತ್ರೆ’ ಎಂದು ಕರೆಯುವ ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯಲ್ಲಿರುವ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಕಾಳಿನ ಒಳಗೆ ಅಡಗಿದ ಹುಳವನ್ನೂ ತಲುಪಿ ಕೊಲ್ಲುವ ಅನಿಲ ಅದು. ಮನುಷ್ಯರ ಮೇಲೂ ಅದರ ಕೆಲಸ ಅದೇ. ಇದಕ್ಕೆ ಪ್ರತಿವಿಷ ಇಲ್ಲ. ಆಸ್ಪತ್ರೆಯವರು ಉಸಿರು, ಹೃದಯ, ರಕ್ತದೊತ್ತಡ ಕಾಯ್ದುಕೊಂಡು ದೇಹ ತಾನೇ ಚೇತರಿಸಿಕೊಳ್ಳಲು ನೆರವಾಗಬಹುದು, ಅಷ್ಟೆ.

ಹಾಗೆಂದು ಮಾತ್ರೆಯೇ ಪಾಪಿ ಅಲ್ಲ. ನಾವು ನ್ಯಾಯಬೆಲೆ ಅಂಗಡಿಯಿಂದ ತರುವ ಅಕ್ಕಿ ಉಗ್ರಾಣಗಳಲ್ಲಿ ತಿಂಗಳುಗಟ್ಟಲೆ ಉಳಿದಿರುವುದು ಇದೇ ಅನಿಲದ ದೆಸೆಯಿಂದ. ಅಲ್ಲಿ ಮೂಟೆಗಳ ಅಟ್ಟಿಯ ಮೇಲೆ ಗಾಳಿಯಾಡದ ದಪ್ಪ ಹೊದಿಕೆ ಹೊದಿಸುತ್ತಾರೆ, ಅಂಚಿಗೆ ಮರಳು ತುಂಬಿದ ಚೀಲ ಇಡುತ್ತಾರೆ, ಲೆಕ್ಕ ಹಾಕಿ ಮಾತ್ರೆ ಹಾಕಿ ಹಲವು ದಿನ ಮುಚ್ಚಿ, ಆಮೇಲೆ ಗಾಳಿಯಾಡಲು ಬಿಡುತ್ತಾರೆ. ಕಾನೂನಿನ ಪ್ರಕಾರ ಇದನ್ನು ಬಳಸಬೇಕಾದವರು ಸರ್ಕಾರಿ ಸಂಸ್ಥೆಗಳು ಮತ್ತು ಪರಿಣತರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಣದವರು. ಮಲಗುವ ಕೋಣೆಯಲ್ಲಿ ಬಟ್ಟೆಗಂಟು ಕಟ್ಟಿ ಇಡುವ ವಸ್ತು ಇದಲ್ಲ.

ಉಗ್ರಾಣದವರಿಗೂ ಆಯ್ಕೆಗಳು ಕಡಿಮೆಯಾಗುತ್ತಾ ಬಂದಿವೆ. ಮೊದಲು ಮೀಥೈಲ್ ಬ್ರೋಮೈಡ್ ಎಂಬ ಇನ್ನೊಂದು ಅನಿಲ ಬಳಕೆಯಲ್ಲಿತ್ತು. ಅದು ಓಜೋನ್ ಪದರವನ್ನು ಹಾಳುಮಾಡುತ್ತದೆ ಎಂದು 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಅದರ ಬಳಕೆಗೆ ಕಡಿವಾಣ ಬಿತ್ತು. ಉಳಿದದ್ದು ಫಾಸ್ಫೀನ್. ಅರೆಬರೆ ಪ್ರಮಾಣದಲ್ಲಿ, ಸರಿಯಾಗಿ ಮುಚ್ಚದೆ ಬಳಸಿ ಬಳಸಿ, ಅದಕ್ಕೂ ಜಗ್ಗದ ಹುಳಗಳು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಹುಟ್ಟಿಕೊಂಡಿವೆ. ಅದಕ್ಕೇ ಜಗತ್ತಿನ ಪ್ರಯೋಗಾಲಯಗಳೆಲ್ಲ ಗಿಡಮೂಲಿಕೆಗಳ ಕಡೆ, ಅದರಲ್ಲೂ ಸುಗಂಧ ತೈಲಗಳ ಕಡೆ ಮುಖಮಾಡಿವೆ.

‘ಸುಗಂಧ ತೈಲ’ ಎಂಬ ಪದ ಓದಿದಾಗ ನನಗೆ ಲಾಟರಿ ಹೊಡೆದಂತಾಯಿತು. ನಮ್ಮದು ಶ್ರೀಗಂಧದ ಎಣ್ಣೆಯ ಸೀಮೆ. ಮೈಸೂರಿನ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ 1916ರಷ್ಟು ಹಳೆಯದು. ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆ ಭತ್ತದ ಹೊಟ್ಟಿನಿಂದಲೇ ಹಲ್ಲಿನ ಪುಡಿ ಮಾಡಿ ಊರಿನ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಅವರಿಗೆ ಹಲ್ಲಿನ ಪುಡಿಯಾದರೆ ನನಗೆ ಕಾಳಿನ ಎಣ್ಣೆ ಯಾಕಾಗಬಾರದು? ಕೆಲಸವಿಲ್ಲದ ಪದವೀಧರನ ಕನಸಿಗೆ ಬ್ರೇಕ್ ಇರುವುದಿಲ್ಲ.

ಅಜ್ಜಿಯ ಮನೆಯ ಅಟ್ಟ

ಕನಸಿನ ಜತೆ ಮೊದಲು ಹೋದದ್ದು ನಂಜನಗೂಡು ತಾಲ್ಲೂಕಿನ ಅಜ್ಜಿ ಮನೆಗೆ. ನಮ್ಮದು ನಾಲೆ ಕೆಳಗಿನ ಭತ್ತದ ಊರಾದರೆ ಅವರದು ಮಳೆ ನಂಬಿದ ಹುರುಳಿ, ಅವರೆ, ರಾಗಿಯ ಊರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅಜ್ಜಿ, ‘ಮಾತ್ರೆ ಮನೆಯೊಳಕ್ಕೆ ಯಾಕ್ ತಂದ ನಿಮ್ಮಪ್ಪ? ಒಸಿ ಹರಳೆಣ್ಣೆ ಇರಲಿಲ್ವಾ?’ ಎಂದು ಬೈದಳು.

ಅವಳು ತೋರಿಸಿದ್ದು ಇವು. ತೊಗರಿಗೂ ಅವರೆಗೂ ಕೆಮ್ಮಣ್ಣು ಕಲಸಿದ ನೀರು ಸವರಿ, ಬಿಸಿಲಲ್ಲಿ ಗರಿಗರಿ ಒಣಗಿಸಿ ಎತ್ತಿಡುವುದು. ಬೇಳೆಗೆ ಹರಳೆಣ್ಣೆ ತಿಕ್ಕುವುದು. ಬಿತ್ತನೆ ಕಾಳಿಗೆ ಬೂದಿ ಬೆರೆಸಿ ಗಡಿಗೆಯ ಬಾಯಿಗೆ ಸಗಣಿ ಮೆತ್ತುವುದು. ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಒಣಗಿಸಿ ಪದರ ಪದರವಾಗಿ ಹಾಕುವುದು. ರಾಗಿಗಂತೂ ಹಿಂದೆ ನೆಲದೊಳಗಿನ ಹಗೇವು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲವಂತೆ. ಬಹಳ ಹೊತ್ತು ಹಾಗೇ ಬಿಟ್ಟು, ದೀಪ ಇಳಿಬಿಟ್ಟು ನೋಡಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದನಂತೆ. ಹಗೇವಿನೊಳಗೆ ಆಮ್ಲಜನಕ ಮುಗಿದಿರುತ್ತದೆ. ಮನುಷ್ಯನಿಗೇ ಉಸಿರಾಡಲು ಆಗದ ಕಡೆ ಹುಳಕ್ಕೆ ಎಲ್ಲಿ ಆಗಬೇಕು?

ಕೊನೆಗೆ ಅಜ್ಜಿ ಭರಣಿಯಿಂದ ಮಾಗಳಿ ಬೇರಿನ ಉಪ್ಪಿನಕಾಯಿ ತೆಗೆದು ಎಲೆಯ ತುದಿಗೆ ಬಡಿಸಿದಳು. ಮಜ್ಜಿಗೆಯಲ್ಲಿ ಮುಳುಗಿದ ಆ ಬೇರಿನ ವಾಸನೆ ಕೆಲವರಿಗೆ ಪ್ರಾಣ, ಕೆಲವರಿಗೆ ತಿಗಣೆ ನೆನಪು. ‘ಇದಕ್ಕೆ ಹುಳ ಬಿದ್ದದ್ದನ್ನ ನಾನಂತೂ ಕಂಡಿಲ್ಲ ಕಣಪ್ಪ’ ಎಂದಳು.

ಆ ಮಾತನ್ನು ಅಜ್ಜಿಯ ಮಾತೆಂದು ಬಿಟ್ಟುಬಿಡುತ್ತಿದ್ದೆ. ಆದರೆ ಆಮೇಲೆ ಓದುತ್ತಾ ಹೋದಾಗ ಇದರ ಬೆನ್ನು ಹತ್ತಿದವರು ನಮ್ಮ ಮೈಸೂರಿನಲ್ಲೇ ಇದ್ದಾರೆ ಎಂದು ತಿಳಿಯಿತು. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಅಂದರೆ ನಾವು ಬಸ್ಸಿನಿಂದ ನೋಡುವ ಸಿಎಫ್‌ಟಿಆರ್‌ಐನಲ್ಲಿ, ದಾಸ್ತಾನು ಧಾನ್ಯದ ಕೀಟಗಳಿಗಾಗಿಯೇ ಒಂದು ವಿಭಾಗವಿದೆ. ಅಲ್ಲಿನ ವೈ. ರಾಜಶೇಖರ್, ಎನ್. ಗುಣಶೇಖರನ್ ಮತ್ತು ಟಿ. ಶಿವಾನಂದಪ್ಪ ಮಾಗಳಿ ಬೇರಿನ ಸಾರವನ್ನು ಅಕ್ಕಿಯ ಮೂತಿಹುಳ, ಕಾಳು ಕೊರೆಯುವ ಹುಳ, ಹಿಟ್ಟಿನ ಕೆಂಪು ಹುಳ, ಬೇಳೆಕಾಳಿನ ದುಂಬಿ ಮುಂತಾದವುಗಳ ಮೇಲೆ ಪರೀಕ್ಷಿಸಿ 2010ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಸಾರ ಹುಳಗಳನ್ನು ಕೊಂದಿತು, ಮುಂದಿನ ಪೀಳಿಗೆ ತಗ್ಗಿತು, ಬೇರಿನ ಪುಡಿ ಬೆರೆಸಿದ ಗೋಧಿ, ಹೆಸರುಕಾಳು ಉಳಿದವು, ಕಾಳಿನ ಮೊಳಕೆಗೂ ತೊಂದರೆಯಾಗಲಿಲ್ಲ ಎಂಬುದು ಅದರ ತಿರುಳು.

ಬೇರಿನ ಆ ವಾಸನೆಯ ಮುಖ್ಯ ಕಾರಣ 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್. ರಸಾಯನವಿಜ್ಞಾನ ಓದಿದವರಿಗೆ ಒಂದು ಸ್ವಾರಸ್ಯ: ಐಸ್‌ಕ್ರೀಮಿನ ವೆನಿಲಾ ಪರಿಮಳದ ವೆನಿಲಿನ್‌ಗೂ ಇದಕ್ಕೂ ಅಣುಸೂತ್ರ ಒಂದೇ. ಗುಂಪುಗಳು ಕೂತ ಜಾಗ ಮಾತ್ರ ಬೇರೆ. ಸಮಾಂಗಿಗಳು ಎಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದದ್ದು ಅಜ್ಜಿಯ ಭರಣಿಯಲ್ಲಿ ಕೂತಿತ್ತು.

ಹಾಗಾದರೆ ಮಾಗಳಿ ಬೇರನ್ನೇ ಮಾರೋಣ ಎಂದರೆ ಅದೂ ಆಗದು. ಬಿಳಿಗಿರಿರಂಗನ ಬೆಟ್ಟದಂಥ ಕಾಡಿನ ಬಳ್ಳಿ ಅದು. ಸೋಲಿಗರು ಅಗೆದು ತರುವ ಬೇರು. ಬೇರು ಕಿತ್ತರೆ ಬಳ್ಳಿಯೇ ಹೋಯಿತು. ಉಪ್ಪಿನಕಾಯಿಗೆ, ಔಷಧಿಗೆ ಎಂದು ಅಗೆದೂ ಅಗೆದೂ ಈಗಾಗಲೇ ಅಪಾಯದ ಅಂಚಿನ ಸಸ್ಯಗಳ ಪಟ್ಟಿಗೆ ಸೇರಿದೆ. ಊರೂರಿನ ಮೂಟೆಗೆ ಬೆರೆಸಲು ಹೊರಟರೆ ಕಾಡಿನಲ್ಲಿ ಒಂದು ಬಳ್ಳಿಯೂ ಉಳಿಯದು.

ಹಾರ್ಲಿಕ್ಸ್ ಬಾಟಲಿಯ ಪ್ರಯೋಗಶಾಲೆ

ಉಳಿದದ್ದು ಬೆಳೆಸಬಹುದಾದ, ಅಂಗಡಿಯಲ್ಲಿ ಸಿಗುವ ಎಣ್ಣೆಗಳು. ನೀಲಗಿರಿ ಎಣ್ಣೆ, ಮಜ್ಜಿಗೆ ಹುಲ್ಲಿನ ಎಣ್ಣೆ ತಂದೆ. ಅವ್ವನ ಅಡುಗೆಮನೆಯಿಂದ ಹರಳೆಣ್ಣೆ ಬಂತು. ಅಜ್ಜಿ ಕೊಟ್ಟ ಒಣ ಮಾಗಳಿ ಬೇರು ಒಂದಿಷ್ಟು ಇತ್ತು. ಖಾಲಿ ಹಾರ್ಲಿಕ್ಸ್ ಬಾಟಲಿಗಳನ್ನು ತೊಳೆದು ಒಣಗಿಸಿ ಸಾಲಾಗಿ ಇಟ್ಟೆ. ಕೆಲವಕ್ಕೆ ಅಕ್ಕಿ, ಕೆಲವಕ್ಕೆ ಅಲಸಂದೆ. ಪ್ರತಿ ಬಾಟಲಿಗೂ ಇಪ್ಪತ್ತು ಹುಳ. ಹುಳಕ್ಕೇನು ನಮ್ಮ ಮನೆಯಲ್ಲಿ ಬರವಿರಲಿಲ್ಲ.

ಹುಳಗಳನ್ನು ಮೊದಲ ಬಾರಿ ಸರಿಯಾಗಿ ನೋಡಿದ್ದೂ ಆಗಲೇ. ಅವ್ವ ಎಲ್ಲವನ್ನೂ ‘ನುಸಿ’, ‘ಕುಟ್ಟೆ’ ಎಂದು ಎರಡೇ ಮಾತಲ್ಲಿ ಮುಗಿಸುತ್ತಾಳೆ. ಆದರೆ ಅವುಗಳ ಬದುಕು ಬೇರೆ ಬೇರೆ. ಅಕ್ಕಿಯ ಮೂತಿಹುಳ ತನ್ನ ಸೊಂಡಿಲಿನಿಂದ ಕಾಳಿಗೆ ತೂತು ಕೊರೆದು, ಅದರೊಳಗೆ ಒಂದು ಮೊಟ್ಟೆ ಇಟ್ಟು, ಮೇಲೆ ಅಂಟಿನ ಬಿರಟೆ ಹಾಕಿ ಮುಚ್ಚುತ್ತದೆ. ಮರಿ ಕಾಳಿನೊಳಗೇ ಬೆಳೆದು ಸುಮಾರು ಒಂದು ತಿಂಗಳಿಗೆ ಹೊರಬರುತ್ತದೆ. ಅಷ್ಟು ದಿನ ಕಾಳು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಅಲಸಂದೆಯ ದುಂಬಿ ಮೊಟ್ಟೆಯನ್ನು ಕಾಳಿನ ಮೈಮೇಲೆ ಬಿಳಿ ಚುಕ್ಕೆಯಂತೆ ಅಂಟಿಸುತ್ತದೆ. ಮರಿ ಅಲ್ಲಿಂದ ನೇರ ಒಳಕ್ಕೆ ಕೊರೆಯುತ್ತದೆ. ದೊಡ್ಡ ದುಂಬಿ ಕಾಳು ತಿನ್ನುವುದೇ ಇಲ್ಲ, ಮೊಟ್ಟೆ ಇಟ್ಟು ಒಂದೆರಡು ವಾರದಲ್ಲಿ ಸಾಯುತ್ತದೆ. ನಾವು ಕಾಣುವ ಹುಳ ಕೊಂದರೆ ಗೆದ್ದೆವು ಎಂದುಕೊಳ್ಳುತ್ತೇವೆ. ನಿಜವಾದ ಕಳ್ಳ ಒಳಗಿರುತ್ತಾನೆ.

ಹತ್ತಿಯ ಉಂಡೆಗೆ ನೀಲಗಿರಿ ಎಣ್ಣೆ ಹನಿಸಿ ಅಕ್ಕಿಯ ಬಾಟಲಿಯಲ್ಲಿ ನೇತುಹಾಕಿ ಮುಚ್ಚಳ ಬಿಗಿದೆ. ಮರುದಿನ ಬೆಳಗ್ಗೆ ನೋಡಿದರೆ ಇಪ್ಪತ್ತೂ ಕಾಲು ಮೇಲೆ! ಮನೆಯಲ್ಲಿ ಕುಣಿದಾಡಿದೆ. ಮಜ್ಜಿಗೆ ಹುಲ್ಲಿನ ಎಣ್ಣೆ ಕೊಂಚ ನಿಧಾನ, ಆದರೆ ಅಲ್ಲೂ ಹೆಚ್ಚಿನವು ಸತ್ತಿದ್ದವು. ಒಣ ಬೇವಿನ ಸೊಪ್ಪಿನ ಬಾಟಲಿಯಲ್ಲಿ ಹುಳಗಳು ಸೊಪ್ಪಿನ ಮೇಲೇ ವಾಯುವಿಹಾರ ಮಾಡುತ್ತಿದ್ದವು.

ಅದೇ ವಾರ ಸ್ನೇಹಿತನ ಲ್ಯಾಪ್‌ಟಾಪಿನಲ್ಲಿ ಲೇಬಲ್ ಕೂಡ ಮಾಡಿಸಿದೆ. ಹಸಿರು ಎಲೆ, ಚಿನ್ನದ ಬಣ್ಣದ ಕಾಳು, ‘ನೂರಕ್ಕೆ ನೂರು ನೈಸರ್ಗಿಕ’.

ಐದನೇ ವಾರ ಲೇಬಲ್ ನಗಲಾರಂಭಿಸಿತು. ನೀಲಗಿರಿಯ ಬಾಟಲಿಯಲ್ಲಿ ಹೊಸ ಮೂತಿಹುಳಗಳು ಓಡಾಡುತ್ತಿದ್ದವು. ಕಾಳಿನೊಳಗೆ ಬಿರಟೆ ಹಾಕಿಕೊಂಡು ಕೂತಿದ್ದ ಮರಿಗಳಿಗೆ ನನ್ನ ಎಣ್ಣೆ ತಟ್ಟಿಯೇ ಇರಲಿಲ್ಲ. ದಿನಾ ಮುಚ್ಚಳ ತೆಗೆದು ಇಣುಕಿದ್ದರಿಂದ ಆವಿಯೂ ಹಾರಿಹೋಗಿತ್ತು. ಆಮೇಲೆ 50 ಕೆ.ಜಿ. ಡ್ರಮ್ಮಿನಲ್ಲಿ ಮಾಡಿದ್ದಂತೂ ಪೂರ್ತಿ ಸೋಲು. ಮೇಲ್ಪದರದ ಹುಳ ಸತ್ತವು, ನಡುವಿನವು ಆರಾಮಾಗಿದ್ದವು. ಎಲ್ಲಕ್ಕಿಂತ ದೊಡ್ಡ ತೀರ್ಪು ಊಟದ ಮನೆಯಲ್ಲಿ ಬಂತು. ಆ ಅಕ್ಕಿಯ ಅನ್ನವನ್ನು ಬಾಯಿಗಿಟ್ಟ ಅಪ್ಪ, ‘ಇದನ್ನ ಉಣ್ಣೋದಾ, ನೆಗಡಿಗೆ ಹಚ್ಕೊಳೋದಾ?’ ಎಂದು ತಟ್ಟೆ ಪಕ್ಕಕ್ಕಿಟ್ಟರು. ಆಸ್ಪತ್ರೆಯ ಆ ರಾತ್ರಿಯ ನಂತರ ಅಪ್ಪ ತಮಾಷೆಯಾಡಿದ್ದು ಅದೇ ಮೊದಲು.

ಗೆದ್ದದ್ದು ಯಾವುದು ಗೊತ್ತೇ? ಹರಳೆಣ್ಣೆ ಸವರಿದ ಅಲಸಂದೆ. ಕಾಳಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಇದ್ದವು, ಹೊಸ ದುಂಬಿ ಹೊರಬಂದದ್ದು ಬೆರಳೆಣಿಕೆಯಷ್ಟು. ಏನೂ ಹಾಕದ ಬಾಟಲಿಯ ಅಲಸಂದೆ ಅಷ್ಟರಲ್ಲಿ ಜರಡಿಯಾಗಿತ್ತು. ಮಾಗಳಿ ಪುಡಿಯ ಬಾಟಲಿಯಲ್ಲೂ ಹುಳ ಕಡಿಮೆಯೇ.

ಎರಡು ಎಣ್ಣೆ, ಎರಡು ಗುಣ

ಯಾಕೆ ಹೀಗೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ನೀವೂ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಬಿಳಿ ಕಾಗದದ ಮೇಲೆ ಒಂದು ಹನಿ ನೀಲಗಿರಿ ಎಣ್ಣೆ, ಪಕ್ಕದಲ್ಲಿ ಒಂದು ಹನಿ ಹರಳೆಣ್ಣೆ ಹಾಕಿ. ಸ್ವಲ್ಪ ಹೊತ್ತಿಗೆ ನೀಲಗಿರಿಯ ಕಲೆ ಮಾಯ. ಹರಳೆಣ್ಣೆಯ ಜಿಡ್ಡು ಮರುದಿನವೂ ಅಲ್ಲೇ. ಸುಗಂಧ ತೈಲ ಆವಿಯಾಗುವ ಎಣ್ಣೆ, ಹರಳೆಣ್ಣೆ ಆವಿಯಾಗದ ಎಣ್ಣೆ.

ಆವಿಯೇ ಸುಗಂಧ ತೈಲದ ಬಲ. ನೀಲಗಿರಿಯ ಸಿನಿಯೋಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್, ಲವಂಗದ ಯೂಜಿನಾಲ್, ಓಮದ ಥೈಮಾಲ್ ಇಂಥ ಅಣುಗಳು ಹುಳದ ಉಸಿರಿನ ರಂಧ್ರಗಳಿಂದ ಒಳಹೊಕ್ಕು ನರಗಳ ಕೆಲಸ ಕೆಡಿಸುತ್ತವೆ. ಕೀಟಗಳ ದೇಹದಲ್ಲಿ ಆಕ್ಟೊಪಮೈನ್ ಎಂಬ ಸಂದೇಶವಾಹಕಕ್ಕೆ ದೊಡ್ಡ ಪಾತ್ರವಿದೆ. ನಮ್ಮಲ್ಲಿ ಅದರ ಪಾತ್ರ ತೀರಾ ಸಣ್ಣದು. ಕೆಲವು ಸುಗಂಧ ತೈಲಗಳು ಏಟು ಕೊಡುವುದು ಆ ವ್ಯವಸ್ಥೆಗೇ. ಆದ್ದರಿಂದಲೇ ವಿಜ್ಞಾನಿಗಳಿಗೆ ಇವುಗಳ ಮೇಲೆ ಆಸೆ.

ಆವಿಯೇ ಅವುಗಳ ದೌರ್ಬಲ್ಯವೂ ಹೌದು. ಬೇಗ ಹಾರಿಹೋಗುತ್ತವೆ. ಫಾಸ್ಫೀನ್‌ನ ಅಣು ಪುಟ್ಟದು, ಮೂಟೆಯ ನಡುವಿಗೂ ನುಗ್ಗುತ್ತದೆ. ಸುಗಂಧ ತೈಲದ ಅಣುಗಳು ದೊಡ್ಡವು, ದಾರಿಯಲ್ಲೇ ಕಾಳು ಅವನ್ನು ಹೀರಿಕೊಂಡುಬಿಡುತ್ತದೆ. ಹುಳಕ್ಕೆ ತಲುಪಬೇಕಾದದ್ದು ಅನ್ನಕ್ಕೆ ತಲುಪುತ್ತದೆ. ಇನ್ನು ಖರ್ಚು: ನೂರು ಕಿಲೋ ಹಸಿ ಮಜ್ಜಿಗೆ ಹುಲ್ಲನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಅರ್ಧ ಕಿಲೋ ಎಣ್ಣೆ ಸಿಕ್ಕರೆ ಹೆಚ್ಚು. ಅದಕ್ಕೆ ಸಾಬೂನು, ಸುಗಂಧದ ಕಂಪನಿಗಳು ಕೊಡುವ ಬೆಲೆ ಅಕ್ಕಿ ಮೂಟೆ ಕೊಡಲಾರದು. ಎಣ್ಣೆಯನ್ನು ಸಣ್ಣ ಕೋಶಗಳಲ್ಲಿ ಬಂಧಿಸಿ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಸಂಶೋಧನೆ ನಡೆದಿದೆ. ನಮ್ಮ ಅಡುಗೆಮನೆಯಲ್ಲಿ ಆಗುವ ಕೆಲಸ ಅದಲ್ಲ.

ಹರಳೆಣ್ಣೆ, ಕಡಲೆಕಾಯಿ ಎಣ್ಣೆಗಳ ಕೆಲಸ ಸರಳ. ಕಾಳಿನ ಮೈ ಜಾರುತ್ತದೆ, ಮೊಟ್ಟೆಯ ಮೇಲೆ ಜಿಡ್ಡಿನ ಪದರ ಕೂತು ಉಸಿರು ಕಟ್ಟಿಸುತ್ತದೆ. ಕಿಲೋ ಕಾಳಿಗೆ 5 ಮಿ.ಲೀ., ಅಂದರೆ ಒಂದು ಟೀ ಚಮಚ ಸಾಕು. ಮೊಟ್ಟೆಯನ್ನು ಹೊರಗೆ ಅಂಟಿಸುವ ದುಂಬಿಯ ಮೇಲೆ ಇದು ನಡೆಯುತ್ತದೆ. ಒಳಗೆ ಬಿರಟೆ ಹಾಕುವ ಮೂತಿಹುಳದ ಮೇಲೆ ಅಷ್ಟಾಗಿ ನಡೆಯದು. ಅಜ್ಜಿ ಹರಳೆಣ್ಣೆಯನ್ನು ಬೇಳೆಕಾಳಿಗೆ ಮಾತ್ರ ಯಾಕೆ ಹಚ್ಚುತ್ತಿದ್ದಳು, ಅಕ್ಕಿಗೆ ಯಾಕೆ ಹಚ್ಚುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು.

ಇನ್ನೊಂದು ಪಾಠ, ‘ನೈಸರ್ಗಿಕ’ ಎಂದಾಕ್ಷಣ ನಿರಪಾಯ ಎಂದಲ್ಲ. ಮಕ್ಕಳಿಗೆ ತೇದು ನೆಕ್ಕಿಸುವ ಬಜೆಯ ಎಣ್ಣೆ ಕೀಟಗಳ ಸಂತಾನಶಕ್ತಿಯನ್ನೇ ಕೆಡಿಸುತ್ತದೆ ಎಂದು ಬಹಳ ಹಿಂದೆಯೇ ತಿಳಿದಿದೆ. ಅದಕ್ಕೆ ಕಾರಣವಾದ ಬೀಟಾ-ಆಸರೋನ್ ಇಲಿಗಳಲ್ಲಿ ಗಡ್ಡೆ ಬೆಳೆಸಿದ್ದರಿಂದ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಉಣ್ಣುವ ಕಾಳಿಗೆ ಅದನ್ನು ಬೆರೆಸುವ ಯೋಚನೆಯನ್ನು ನಾನು ಕೈಬಿಟ್ಟೆ.

ಲೇಬಲ್ ಎಲ್ಲಿ ಹೋಯಿತು?

ಇಷ್ಟಾದರೂ ಬಿಸಿನೆಸ್ ಆಸೆ ಪೂರ್ತಿ ಸತ್ತಿರಲಿಲ್ಲ. ಬಿತ್ತನೆ ಬೀಜಕ್ಕಾದರೂ ಮಾರಬಹುದಲ್ಲ ಎಂದು ಲೇಬಲ್ ಹಿಡಿದು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಅಲ್ಲಿ ಒಬ್ಬರು ಸಮಾಧಾನವಾಗಿ ಕೇಳಿ, ಒಂದೇ ಪ್ರಶ್ನೆ ಹಾಕಿದರು: ‘ಇದನ್ನ ಏನು ಅಂತ ಮಾರ್ತೀಯಪ್ಪ?’

‘ಹುಳ ಸಾಯಿಸೋ ಎಣ್ಣೆ ಅಂತ ಸಾರ್.’

‘ಹಾಗಂತ ಬರೆದ ಕೂಡಲೇ ಅದು ಕೀಟನಾಶಕ. 1968ರ ಕೀಟನಾಶಕ ಕಾಯ್ದೆ ಪ್ರಕಾರ ನೋಂದಣಿ ಆಗ್ಬೇಕು. ಎಷ್ಟು ಹಾಕಿದ್ರೆ ಎಷ್ಟು ಸಾಯ್ತದೆ, ಉಂಡವರಿಗೆ ಏನಾಗ್ತದೆ, ಎಷ್ಟು ದಿನ ಕೆಡದೆ ಇರ್ತದೆ, ಎಲ್ಲಕ್ಕೂ ಪುರಾವೆ ಕೊಡ್ಬೇಕು. ಗಿಡದ್ದು ಅಂತ ವಿನಾಯಿತಿ ಇಲ್ಲ.’

ಮುಖ ಸಪ್ಪಗಾಯಿತು. ವಾಪಸ್ ಬಸ್ಸಿನಲ್ಲಿ ಕೂತು ಯೋಚಿಸಿದಾಗ ಅನ್ನಿಸಿತು: ಅಪ್ಪನಿಗೆ ಮಾತ್ರೆ ಕೊಟ್ಟ ಅಂಗಡಿಯವರು ಏನು ಮಾಡಿದರು? ಏನು, ಎಷ್ಟು, ಎಲ್ಲಿ ಎಂದು ಹೇಳದೆ ಕೈಗೆ ಕೊಟ್ಟು ದುಡ್ಡು ಇಸಿದುಕೊಂಡರು. ನಾನೂ ಹಸಿರು ಎಲೆಯ ಚಿತ್ರ ಹಾಕಿಕೊಂಡು ಅದನ್ನೇ ಮಾಡಲು ಹೊರಟಿದ್ದೆ. ಲೇಬಲ್ಲುಗಳು ಈಗ ನನ್ನ ರೆಕಾರ್ಡ್ ಪುಸ್ತಕದ ಪುಟಗಳ ನಡುವೆ ಇವೆ.

ಆದರೆ ಆ ಕಾಯ್ದೆಯನ್ನು ಓದುತ್ತಾ ಹೋದದ್ದು ವ್ಯರ್ಥವಾಗಲಿಲ್ಲ. ಕೆಲಸ ಹುಡುಕುತ್ತಿರುವ ಗೆಳೆಯರು ಇದನ್ನು ಗಮನಿಸಬೇಕು. ಅದರಡಿ ಬಂದ 1971ರ ನಿಯಮಗಳಲ್ಲಿ ಕೀಟ ನಿಯಂತ್ರಣದ ಪರವಾನಗಿ ಯಾರು ಪಡೆಯಬಹುದು ಎಂದಿದೆ. ಕೃಷಿ ಪದವೀಧರರು, ಇಲ್ಲವೇ ರಸಾಯನವಿಜ್ಞಾನವನ್ನು ಒಂದು ವಿಷಯವಾಗಿ ಓದಿದ ವಿಜ್ಞಾನ ಪದವೀಧರರು, ಕನಿಷ್ಠ 15 ದಿನಗಳ ತರಬೇತಿಯ ಪ್ರಮಾಣಪತ್ರದೊಂದಿಗೆ. ತರಬೇತಿಗೆ ಹೆಸರಿಸಿದ ಸಂಸ್ಥೆಗಳಲ್ಲಿ ಉತ್ತರ ಪ್ರದೇಶದ ಹಾಪುಡದ ಧಾನ್ಯ ಸಂಗ್ರಹಣಾ ಸಂಸ್ಥೆ, ಹೈದರಾಬಾದಿನ ಸಸ್ಯ ಸಂರಕ್ಷಣಾ ಸಂಸ್ಥೆಯ ಜತೆಗೆ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಇದೆ. ಭಾರತೀಯ ಆಹಾರ ನಿಗಮದ ತಾಂತ್ರಿಕ ಸಹಾಯಕ ಹುದ್ದೆಗಳಿಗೂ ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ ಓದಿದವರು ಅರ್ಜಿ ಹಾಕಿದ್ದನ್ನು ಕಂಡಿದ್ದೇನೆ. ಅಧಿಸೂಚನೆ ಬಂದಾಗ ಅರ್ಹತೆಯ ಕಾಲಂ ಪೂರ್ತಿ ಓದಿ. ‘ಬರೀ ಬಿ.ಎಸ್ಸಿ. ಮಾಡಿ ಏನು ಪ್ರಯೋಜನ’ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೆ!

ಈಗ ನಮ್ಮ ಮನೆಯಲ್ಲಿ

ಈ ಸಲ ಸುಗ್ಗಿಯ ಹೊತ್ತಿಗೆ ಅವ್ವನ ಸ್ತ್ರೀಶಕ್ತಿ ಸಂಘದ ಹೆಂಗಸರು ಅಲಸಂದೆ, ಅವರೆ ಬೀಜವನ್ನು ಒಟ್ಟಿಗೆ ಎತ್ತಿಡೋಣ ಎಂದರು. ಹೋದ ವರ್ಷ ಅವರೆಲ್ಲರ ಬೀಜವೂ ಜರಡಿಯಾಗಿ, ಬಿತ್ತನೆಗೆ ಕೊಂಡು ತಂದಿದ್ದರು. ನಾವು ಮಾಡಿದ್ದು ಇಷ್ಟು.

ಹಳೆ ಕಾಳನ್ನು ಹೊಸ ಕಾಳಿನ ಹತ್ತಿರ ಸೇರಿಸಲಿಲ್ಲ. ಹುಳ ಬರುವುದು ಹೆಚ್ಚಾಗಿ ಹಳೆ ಚೀಲದ ಹೊಲಿಗೆಯಿಂದ, ಕೋಣೆಯ ಬಿರುಕಿನಿಂದ. ಬಿರುಕುಗಳಿಗೆ ಸಿಮೆಂಟು ಮೆತ್ತಿ, ಚೀಲಗಳನ್ನು ಬಿಸಿನೀರಲ್ಲಿ ಅದ್ದಿ ಒಣಗಿಸಿದೆವು. ಕಾಳನ್ನು ಹಲ್ಲಿನಲ್ಲಿ ಕಡಿದರೆ ‘ಕಟ್’ ಎನ್ನುವವರೆಗೆ ಬಿಸಿಲಿಗೆ ಹರಡಿದೆವು. ತೇವಾಂಶ ನೂರಕ್ಕೆ 12ಕ್ಕಿಂತ ಕೆಳಗಿದ್ದರೆ ಹುಳಕ್ಕೂ ಬೂಷ್ಟಿಗೂ ಬದುಕು ಕಷ್ಟ. ಬಿಸಿ ಆರಿದ ಮೇಲೆ, ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿ, ಡ್ರಮ್ಮನ್ನು ಬಾಯಿವರೆಗೆ ತುಂಬಿಸಿ, ಮುಚ್ಚಳದ ಸುತ್ತ ಗಾಳಿ ಆಡದಂತೆ ಬಿಗಿದೆವು. ಮೂರು ತಿಂಗಳು ತೆಗೆಯಬಾರದು ಎಂದು ಅವ್ವ ಅದರ ಮೇಲೆ ಕುಂಕುಮ ಹಚ್ಚಿ ಒಂದು ಕಲ್ಲಿಟ್ಟಳು. ನನ್ನಂತೆ ದಿನಾ ಇಣುಕುವವರಿಗೆ ಆ ಕಲ್ಲು.

ಇದರಲ್ಲಿ ಹೊಸದೇನೂ ಇಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಇದೇ ಅಲಸಂದೆಯ ಇದೇ ಜಾತಿಯ ದುಂಬಿಗೆಂದು ಕೆಲಸ ಶುರುಮಾಡಿ ಮೂರು ಪದರದ ಗಾಳಿಯಾಡದ ಚೀಲ ರೂಪಿಸಿದರು. ಒಳಗಿನ ಹುಳವೇ ಆಮ್ಲಜನಕ ಮುಗಿಸಿಕೊಂಡು ಸೋಲುತ್ತದೆ. ಅಜ್ಜಿಯ ಕಾಲದ ಹಗೇವಿನಲ್ಲಿ ದೀಪ ಆರುತ್ತಿದ್ದದ್ದೂ ಅದಕ್ಕೇ.

ನೀಲಗಿರಿ ಎಣ್ಣೆಯನ್ನು ಪೂರ್ತಿ ಬಿಟ್ಟಿಲ್ಲ. ಖಾಲಿ ಡ್ರಮ್ಮು ತೊಳೆದ ಮೇಲೆ ಬಟ್ಟೆಗೆ ನಾಲ್ಕು ಹನಿ ಹಾಕಿ ಒಳಗೆ ಒರೆಸಿ, ಎರಡು ದಿನ ಮುಚ್ಚಿಟ್ಟು, ಆಮೇಲೆ ಬಾಯಿ ತೆರೆದು ವಾಸನೆ ಹೋಗಲು ಬಿಡುತ್ತೇವೆ. ಮೂಲೆಯಲ್ಲಿ ಉಳಿದ ದೊಡ್ಡ ಹುಳಗಳಿಗೆ ಅಷ್ಟು ಸಾಕು. ಅದರ ಯೋಗ್ಯತೆಗೆ ತಕ್ಕ ಕೆಲಸ.

ಮೊನ್ನೆ ಮೂರು ತಿಂಗಳು ತುಂಬಿತು. ಸಂಘದ ಹೆಂಗಸರೆಲ್ಲ ಬಂದಿದ್ದರು. ಅವ್ವ ಕಲ್ಲು ಎತ್ತಿ, ಮುಚ್ಚಳ ತೆಗೆದು, ಮೊದಲು ಮೂಗು ಒಡ್ಡಿದಳು. ಮುಗ್ಗಲಿಲ್ಲ. ಆಮೇಲೆ ತೋಳನ್ನು ಮೊಣಕೈವರೆಗೆ ಇಳಿಸಿ ಅಡಿಯಿಂದ ಒಂದು ಹಿಡಿ ಅಲಸಂದೆ ತೆಗೆದು ತಂಗಿಯ ಅಂಗೈಗೆ ಸುರಿದಳು. ತಂಗಿ ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಕಾಳು ತಿರುಗಿಸಿ ನೋಡಿದಳು. ಒಂದರಲ್ಲಿ ತೂತಿತ್ತು, ಎತ್ತಿ ಪಕ್ಕಕ್ಕಿಟ್ಟಳು. ‘ಮಿಕ್ಕವೆಲ್ಲ ಚೆನ್ನಾಗವೆ ಅಣ್ಣ’ ಎಂದಳು.

ಆ ಕಿಟಕಿ ಈಗ ಮಳೆ ಬಂದರೂ ಮುಚ್ಚುವುದಿಲ್ಲ. ಮೂಟೆಗಳನ್ನು ಹಿತ್ತಿಲ ಕೊಟ್ಟಿಗೆಯ ಪಕ್ಕದ ಕೋಣೆಗೆ ಸಾಗಿಸಿದ್ದೇವೆ. ಸಿಎಫ್‌ಟಿಆರ್‌ಐಗೆ ತರಬೇತಿಯ ವಿವರ ಕೇಳಿ ಪತ್ರ ಬರೆದಿದ್ದೇನೆ. ಅಲ್ಲಿ ಮೊದಲು ಕಲಿಸುವುದು ಅದೇ ಮಾತ್ರೆಯ ಬಗ್ಗೆ ಇರಬಹುದು ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಲಿ. ಕಲ್ತು ಬಂದು ಊರಲ್ಲಿ ನಾಕು ಜನಕ್ಕೆ ಹೇಳು’ ಎಂದರು.